ಅಮ್ಮ ಊರಲ್ಲಿಲ್ಲ, ಅಪ್ಪನ ಒಂಬತ್ತು ಮಾತ್ರೆ ಈಗ ಅಪ್ಪನ ಕೈಯಲ್ಲೇ: ಫಾರ್ಮಸಿಸ್ಟ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಬೆಂಗಳೂರಿನ ಸದಸ್ಯೆ):
ಮೇಡಂ, ನಮಸ್ಕಾರ. ನನ್ನ ತಂದೆಗೆ 74 ವರ್ಷ. ನಿವೃತ್ತ ಶಾಲಾ ಮೇಷ್ಟ್ರು, ತಿಪಟೂರಿನಲ್ಲಿದ್ದಾರೆ. ಅಮ್ಮ ತಂಗಿಯ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಎರಡು ತಿಂಗಳಾಯಿತು. ಇಷ್ಟು ವರ್ಷ ಮಾತ್ರೆ ಬಿಡಿಸಿ ಅಪ್ಪನ ಅಂಗೈಗೆ ಹಾಕುತ್ತಿದ್ದವರು ಅಮ್ಮನೇ. ಥೈರಾಯ್ಡ್‌ಗೆ ಒಂದು, ಬಿಪಿಗೆ ಎರಡು, ಸಕ್ಕರೆಗೆ ಎರಡು, ಕೊಲೆಸ್ಟ್ರಾಲ್, ಪ್ರಾಸ್ಟೇಟ್, ಕ್ಯಾಲ್ಸಿಯಂ, ಮಂಡಿನೋವಿಗೆ ಇನ್ನೊಂದು, ಒಟ್ಟು ಒಂಬತ್ತು. ಮೂವರು ಬೇರೆ ಬೇರೆ ವೈದ್ಯರನ್ನು ನೋಡುತ್ತಾರೆ. ಅಪ್ಪನಿಗೆ ಮಾತ್ರೆಗಳ ಗುರುತು ಬಣ್ಣದಿಂದ ಮಾತ್ರ. ಕಳೆದ ವಾರ ಬೆಳಿಗ್ಗೆ ಹಾಸಿಗೆಯಿಂದ ಎದ್ದವರು ತಲೆ ಸುತ್ತಿ, ಗೋಡೆ ಹಿಡಿದು ಹಾಗೇ ಕುಳಿತುಬಿಟ್ಟರಂತೆ. ನಾನು ದಿನಕ್ಕೆ ಮೂರು ಸಲ ಫೋನ್ ಮಾಡಿ ವಿಚಾರಿಸಿದರೆ "ನಾನೇನು ಒಂದನೇ ಕ್ಲಾಸಿನ ಹುಡುಗನೇ?" ಎಂದು ಸಿಟ್ಟಾಗುತ್ತಾರೆ. ನೋಡಿಕೊಳ್ಳಲು ಯಾರನ್ನಾದರೂ ಇಡಬೇಕೇ? ಮೊಬೈಲಿಗೆ ಆ್ಯಪ್ ಹಾಕಿಕೊಡಲೇ?

ಉತ್ತರ (ಫಾರ್ಮಸಿಸ್ಟ್):
ಮೊದಲು ತಲೆಸುತ್ತಿನ ಮಾತು. ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗಬೇಡಿ. ಇಂದೇ ಸಕ್ಕರೆ ಮತ್ತು ಬಿಪಿ ನೋಡಿಸಿ. ಬಿಪಿಯನ್ನು ಕುಳಿತಾಗ ಒಮ್ಮೆ, ಎದ್ದು ನಿಂತು 1 ನಿಮಿಷವಾದ ಮೇಲೆ ಒಮ್ಮೆ, 3 ನಿಮಿಷವಾದ ಮೇಲೆ ಇನ್ನೊಮ್ಮೆ ಅಳೆಯಬೇಕು. ನಿಂತಾಗ ಮೇಲಿನ ಅಂಕಿ 20ರಷ್ಟು ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಪ್ರಾಸ್ಟೇಟ್‌ಗೆ ಸಾಮಾನ್ಯವಾಗಿ ಕೊಡುವ ಟ್ಯಾಮ್ಸುಲೋಸಿನ್, ಬಿಪಿ ಮಾತ್ರೆಗಳ ಜೊತೆ ಸೇರಿದಾಗ ಹೀಗಾಗುವುದುಂಟು. ಆದರೆ ವೈದ್ಯರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ.

ನನಗೆ ಇನ್ನೊಂದು ಅನುಮಾನವಿದೆ: ಅಪ್ಪ ಒಂದೇ ಔಷಧವನ್ನು ಎರಡು ಹೆಸರಿನಲ್ಲಿ ನುಂಗುತ್ತಿರಬಹುದು. ಈ ಭಾನುವಾರ ಊರಿಗೆ ಹೋಗಿ, ಮನೆಯಲ್ಲಿರುವ ಔಷಧಗಳನ್ನೆಲ್ಲ ಒಂದು ಬಟ್ಟೆ ಚೀಲಕ್ಕೆ ಹಾಕಿ. ದೇವರ ಮನೆಯ ಗೂಡು, ಫ್ರಿಜ್‌ನ ಬಾಗಿಲು, ಅಂಗಿಯ ಜೇಬು, ಎಲ್ಲ ಕಡೆ ಹುಡುಕಿ. ತೈಲ, ಚೂರ್ಣ, ಕಷಾಯದ ಪುಡಿಯೂ ಚೀಲಕ್ಕೆ ಬರಲಿ. ಜ್ಯೇಷ್ಠಮಧುವನ್ನು ದಿನವೂ ಸೇವಿಸಿದರೆ ಬಿಪಿ ಏರುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಆಮೇಲೆ ಅಪ್ಪನ ಪಕ್ಕ ಕುಳಿತು ಮಾತ್ರೆ ಪಟ್ಟಿಯ (ಸ್ಟ್ರಿಪ್) ಹಿಂಬದಿಯ ಸಣ್ಣ ಅಕ್ಷರ ಓದಿ. ಟೆಲ್ಮಾ, ಟೆಲ್ಮಿಕೈಂಡ್ ಎರಡೂ ಟೆಲ್ಮಿಸಾರ್ಟನ್ ಎಂಬ ಬಿಪಿ ಔಷಧವೇ. ಹೆಸರಿನ ಮುಂದೆ 'ಎಎಂ' ಇದ್ದರೆ ಅದರೊಳಗೆ ಆಮ್ಲೋಡಿಪಿನ್ ಎಂಬ ಇನ್ನೊಂದು ಬಿಪಿ ಔಷಧ ಕೂಡ ಇದೆ, 'ಎಚ್' ಇದ್ದರೆ ಮೂತ್ರ ಹೆಚ್ಚಿಸುವ ಔಷಧವೂ ಇದೆ ಎಂದರ್ಥ. ಜನೌಷಧಿ ಕೇಂದ್ರದಿಂದ ತಂದಿದ್ದರೆ ಬ್ರ್ಯಾಂಡ್ ಹೆಸರಿಲ್ಲದೆ ಔಷಧದ ಹೆಸರೇ ದೊಡ್ಡದಾಗಿ ಇರುತ್ತದೆ. ಬಣ್ಣ ನಂಬಿದವರು ಒಂದೇ ಔಷಧವನ್ನು ಎರಡೆರಡು ನುಂಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಒಬ್ಬ ಅಜ್ಜ ಕೌಂಟರಿನ ಮೇಲೆ ಕರವಸ್ತ್ರದ ಗಂಟು ಬಿಚ್ಚಿದರು. ಪಟ್ಟಿಯಿಂದ ಕತ್ತರಿಸಿದ ಬಿಡಿ ಮಾತ್ರೆಗಳು. ಹೆಸರಿನ ಅರ್ಧ, ತಾರೀಖಿನ ಅರ್ಧ ಮಾತ್ರ ಉಳಿದಿತ್ತು. "ಬಿಳಿಯದು ಎದೆಗೆ" ಎಂದರು. ಅಲ್ಲಿ ಬಿಳಿಯವೇ ನಾಲ್ಕಿದ್ದವು.

ಇನ್ನು ನಿಮ್ಮ ಪ್ರಶ್ನೆ. ಯಾರನ್ನೂ ಇಡಬೇಡಿ ಎನ್ನುವುದು ನನ್ನ ಅಭಿಪ್ರಾಯ. ನಿಮ್ಮ ತಂದೆಯವರಿಗೆ ಮರೆವಿನ ಕಾಯಿಲೆ ಇಲ್ಲ, ಓದು ಬರಹ ಬರುತ್ತದೆ. ಅವರಿಗೆ ಈವರೆಗೆ ಮಾತ್ರೆ ಕೊಟ್ಟವರಿದ್ದರು, ಅದು ಯಾಕೆ ಎಂದು ಹೇಳಿದವರಿರಲಿಲ್ಲ. ಒಂದು ನೋಟ್‌ಬುಕ್ ಕೊಡಿ. ಔಷಧದ ಹೆಸರು, ಯಾವ ಕಾಯಿಲೆಗೆ, ಯಾವ ಹೊತ್ತಿಗೆ, ಬರೆದುಕೊಟ್ಟ ವೈದ್ಯರು ಯಾರು ಎಂದು ನಾಲ್ಕು ಕಂಬಸಾಲು ಹಾಕಿ ಅವರೇ ಬರೆಯಲಿ. ವರ್ಷಗಟ್ಟಲೆ ಹಾಜರಿ ಪುಸ್ತಕ ಬರೆದ ಕೈ ಅದು. ಯಾವ ವೈದ್ಯರ ಬಳಿ ಹೋದರೂ ಆ ಪುಸ್ತಕವೂ ಚೀಲವೂ ಜೊತೆಗೆ ಹೋಗಲಿ. ಮೂವರಲ್ಲಿ ಒಬ್ಬರಾದರೂ ಒಂಬತ್ತನ್ನೂ ಒಟ್ಟಿಗೆ ನೋಡಬೇಕು.

ಹೊತ್ತಿನ ಬಗ್ಗೆ: ಥೈರಾಯ್ಡ್ ಮಾತ್ರೆಗೆ ಖಾಲಿ ಹೊಟ್ಟೆ, ಬರೀ ನೀರು. ಕಾಫಿ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ ಅದರ ಹತ್ತಿರ ಸುಳಿಯಬಾರದು, ಕನಿಷ್ಠ 4 ಗಂಟೆ ಅಂತರವಿರಲಿ. ಸಕ್ಕರೆಗೆ ಕೊಡುವ ಮೆಟ್ಫಾರ್ಮಿನ್ ಇದ್ದರೆ ಅದು ಊಟದ ಜೊತೆ. ವಾರದ ಮಾತ್ರೆ ಡಬ್ಬಿ ತಂದರೆ ಭಾನುವಾರ ಅವರೇ ತುಂಬಲಿ, ನೀವು ವಿಡಿಯೊ ಕರೆಯಲ್ಲಿ ಜೊತೆಗಿರಿ. ಆ್ಯಪ್ ಅವರಿಗೆ ಇಷ್ಟವಾದರೆ ಸರಿ. ಇಲ್ಲವಾದರೆ ಥೈರಾಯ್ಡ್ ಡಬ್ಬಿ ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿರಲಿ. 'ಎಸ್‌ಆರ್', 'ಎಕ್ಸ್‌ಆರ್' ಎಂದಿರುವ, ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆಗಳನ್ನು ಪುಡಿ ಮಾಡಬಾರದು.

ಮಂಡಿನೋವಿನ ಮಾತ್ರೆಯ ಹೆಸರೇನು? ವೈದ್ಯರು ಬರೆದದ್ದೇ, ಅಂಗಡಿಯಲ್ಲಿ ಕೇಳಿ ತಂದದ್ದೇ?

ಹುಬ್ಬಳ್ಳಿಯ ಸದಸ್ಯೆ:
ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಅತ್ತೆಯವರು ಪ್ರತಿ ಏಕಾದಶಿಗೆ ನಿರಾಹಾರ ಇರುತ್ತಾರೆ. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರ ತಪ್ಪಿಸುವುದಿಲ್ಲ. ಕಳೆದ ಸಲ ಮಧ್ಯಾಹ್ನ ಮೈಯೆಲ್ಲ ಬೆವರಿ ಕೈ ನಡುಗಿತು.

ಉತ್ತರ:
ಅದು ಸಕ್ಕರೆ ಕುಸಿದ ಲಕ್ಷಣ. ಗ್ಲಿಮೆಪಿರೈಡ್ ನುಂಗಿ ಊಟ ಬಿಡುವುದು ಅಪಾಯಕಾರಿ. ಹಾಗಾದಾಗ ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. 70ಕ್ಕಿಂತ ಕಡಿಮೆಯೇ ಇದ್ದರೆ ಮತ್ತೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ವ್ರತ ಬಿಡಿ ಎಂದು ನಾನು ಹೇಳುವುದಿಲ್ಲ. ತಿಂಗಳಿಗೆ ಎರಡು ಏಕಾದಶಿ ಬರುತ್ತವೆ, ಆ ದಿನಗಳಲ್ಲಿ ಯಾವ ಮಾತ್ರೆ ಬೇಕು, ಯಾವುದು ಬೇಡ ಎಂದು ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ. ಅತ್ತೆಯವರೇ ಬಾಯಿಬಿಟ್ಟು ಕೇಳಲಿ. ಉಪವಾಸದ ವಿಷಯವನ್ನು ಹಿರಿಯರು ವೈದ್ಯರಿಂದ ಮುಚ್ಚಿಡುವುದೇ ಹೆಚ್ಚು.

ಬೆಂಗಳೂರಿನ ಸದಸ್ಯೆ:
ಮೇಡಂ, ಊರಿಗೆ ಹೋಗಿ ಬಂದೆ. ನಿಮ್ಮ ಅನುಮಾನ ನಿಜವಾಯಿತು. ಅಮ್ಮ ತಂದಿಟ್ಟ ಹಳೆಯ ಪಟ್ಟಿ ಒಂದು, ಹೊಸದಾಗಿ ಅಂಗಡಿಯವರು ಕೊಟ್ಟದ್ದು ಇನ್ನೊಂದು. ಎರಡೂ ಟೆಲ್ಮಿಸಾರ್ಟನ್, ಅಪ್ಪ ಎರಡನ್ನೂ ತೆಗೆದುಕೊಳ್ಳುತ್ತಿದ್ದರು. ವೈದ್ಯರು ನೋಡಿ ಒಂದನ್ನು ತೆಗೆಸಿದ್ದಾರೆ. ಮಂಡಿನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್, ವರ್ಷದಿಂದ ದಿನಾ. ಅಪ್ಪ ಪುಸ್ತಕಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ನೀಲಿಯಲ್ಲಿ ಬರೆದಿದ್ದಾರೆ. ನಿನ್ನೆ ರಾತ್ರಿ ಅವರೇ ಫೋನ್ ಮಾಡಿ "ಅಟೋರ್ವಾಸ್ಟಾಟಿನ್, ಕೊಬ್ಬಿಗೆ, ಆಯಿತು" ಎಂದರು. ಒಂದು ಹೊತ್ತು ಮರೆತರೆ ಏನು ಮಾಡಬೇಕು ಎಂದು ಕೇಳುತ್ತಿದ್ದಾರೆ.

ಉತ್ತರ:
ಓದಿ ತುಂಬ ಸಂತೋಷವಾಯಿತು. ಮರೆತದ್ದಕ್ಕೆ ಎರಡು ಸೇರಿಸಿ ನುಂಗಬಾರದು. ಬೇಗ ನೆನಪಾದರೆ ತೆಗೆದುಕೊಳ್ಳಲಿ, ಮುಂದಿನ ಹೊತ್ತು ಹತ್ತಿರವಿದ್ದರೆ ಬಿಟ್ಟುಬಿಡಲಿ. ಸಕ್ಕರೆ ಮಾತ್ರೆಯ ವಿಷಯದಲ್ಲಿ ಮಾತ್ರ ವೈದ್ಯರನ್ನೇ ಕೇಳಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. ಡೈಕ್ಲೋಫೆನಾಕ್ ದಿನವೂ ಬೇಡವೇ ಬೇಡ. ಟೆಲ್ಮಿಸಾರ್ಟನ್ ಜೊತೆ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ರಕ್ತಪರೀಕ್ಷೆ ಈ ವಾರವೇ ಆಗಲಿ, ನೋವಿಗೆ ಬದಲಿ ಏನೆಂದು ವೈದ್ಯರನ್ನು ಕೇಳಿ. ಅಮ್ಮ ವಾಪಸ್ ಬಂದ ಮೇಲೂ ಪುಸ್ತಕ ಅಪ್ಪನ ಬಳಿಯೇ ಇರಲಿ. ಅಂದ ಹಾಗೆ, ಅಮ್ಮ ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ? ನೀವು ಎಲ್ಲೂ ಬರೆದಿಲ್ಲ.