ಎಂಟು ದಿನಕ್ಕೊಮ್ಮೆ ನಳ ಬರೋ ಮನ್ಯಾಗ ಅಕ್ವೇರಿಯಂ ಇಡಬಹುದೇನ್ರಿ?

ಹುಬ್ಬಳ್ಳಿ ಅವ್ವ

ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಮೈದುನ ಪುಣೆಗೆ ವರ್ಗ ಆಗಿ ಹೋಗೋಮುಂದ ತನ್ನ ಗಾಜಿನ ಟ್ಯಾಂಕ್ ನಮ್ಮನ್ಯಾಗ ಇಟ್ಟು ಹೋದ. ಟೇಪ್ ಹಿಡದು ನೋಡಿದ್ರ 24 ಇಂಚು ಉದ್ದ, 12 ಅಗಲ, 15 ಎತ್ತರ. ಜೋಡಿಗೆ ಒಳಗ ಮೋಟರ್ ಇರೋ ಒಂದು ಕರೀ ಫಿಲ್ಟರ್, ಒಂದು ಚೀಲ ಬಣ್ಣಬಣ್ಣದ ಕಲ್ಲು, ಬಾಯಿ ತಗದು ಮುಚ್ಚೋ ಪ್ಲಾಸ್ಟಿಕ್ ಕಪ್ಪಿ. ಮೂರನೆತ್ತೆ ಓದೋ ಮಗ ಆವತ್ತಿಂದ ನನಗ ಕುಂಡ್ರಾಕ ನಿಂದ್ರಾಕ ಬಿಡವಲ್ಲ. ಮೀನು ಯಾವಾಗ, ಮೀನು ಯಾವಾಗ, ಅದ ಒಂದ ಮಾತು.

ಅಂಗಡಿಯವರನ್ನ ಕೇಳಿದ್ರ "ಮುಂಜಾನೆ ನೀರು ತುಂಬ್ರಿ, ಸಂಜೀಕ ಬಂದು ಮೀನು ಒಯ್ರಿ" ಅಂದ್ರು. ಆರು ಗೋಲ್ಡ್‌ಫಿಶ್, ಗಾಜು ನೆಕ್ಕಿ ಕ್ಲೀನ್ ಮಾಡಾಕ ಒಂದು ಕರೀ ಸಕ್ಕರ್ ಅಂತ ಚೀಟಿ ಬರದು ಕೊಟ್ಟಾರ. ಮಗನ ಕಣ್ಣು ಮಾತ್ರ ಮೈಮ್ಯಾಲೆ ಕೆಂಪು ಗೆರಿ ಇರೋ ಇನ್ನೊಂದು ಮೀನಿನ ಮ್ಯಾಲೆ ಬಿದ್ದೈತಿ. "ಮಿಸ್ ಕೇರಳ" ಅಂತರಿ ಅದಕ್ಕ.

ನನ್ನ ಚಿಂತಿ ಬ್ಯಾರೆ. ನಮ್ಮ ಓಣ್ಯಾಗ ನಳ ಬರೋದು ಎಂಟು ದಿನಕ್ಕೊಮ್ಮೆ. ಸಂಪು, ಸಿಂಟೆಕ್ಸ್ ತುಂಬಿಸ್ಕೊಂಡು ನಡಸ್ತೀವಿ. ಬೋರಿನ ನೀರು ಐತಿ, ಆದ್ರ ಬಾಳ ಗಡಸು, ನಳದ ಬಾಯಿಗೆಲ್ಲ ಬಿಳೀ ಪದರ ಕಟ್ಟತೈತಿ. ಆರ್‌ಒ ರಿಪೇರಿಯವ ಮೀಟರ್ ಅದ್ದಿ ಟಿಡಿಎಸ್ 900 ಅಂದ. ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿ ತೊಳೀಬೇಕಂದ್ರ ಅಷ್ಟು ನೀರು ನಾ ಎಲ್ಲಿಂದ ತರ್ಲಿ? ಕರೆಂಟೂ ಹೋಗಿ ಬಂದು ಮಾಡತೈತಿ. ಇಂಥಾ ಮನ್ಯಾಗ ಮೀನು ಸಾಕೋದು ಆಗೋ ಮಾತೇನು, ಇಲ್ಲಾ ಟ್ಯಾಂಕಿನ್ಯಾಗ ಕಪ್ಪಿ ಒಂದ ಇಟ್ಟು ಬಿಡ್ಲೇನು?

ಚಾಮರಾಜಪೇಟೆ ಚಂದ್ರ

2 ಅಡಿ ಟ್ಯಾಂಕಿಗೆ ಆರು ಗೋಲ್ಡ್‌ಫಿಶ್! ಮುಂದಿನ ತಿಂಗಳು ಮತ್ತೆ ಆರು ಮಾರೋ ಲೆಕ್ಕಾಚಾರ ಅದು. ಕಪ್ಪೆ ಇಟ್ಕೊಳ್ಳಿ, ಚೀಟಿ ಹರಿದು ಹಾಕಿ.

ಪೇಡಾ ಮತ್ತು ಗಪ್ಪಿ (ಧಾರವಾಡ)

ಅಕ್ಕಾವ್ರ, ಆರಾಮ ಇಡಬಹುದು. ಖಾಲಿ ಮಾಡಿ ತೊಳೀಬೇಕು ಅಂತ ನಿಮಗ ಹೇಳಿದವರು ಯಾರು? ಆ ಮಾತು ಮೊದಲ ತಲಿಯಿಂದ ತಗೀರಿ. ವಾರಕ್ಕೊಮ್ಮೆ ಕಲ್ಲು, ಫಿಲ್ಟರ್ ಎಲ್ಲಾ ತಿಕ್ಕಿ ತೊಳದು ಹೊಸಾ ನೀರು ತುಂಬೋ ಮನಿಗಳಾಗನ ಮೀನು ಜಾಸ್ತಿ ಸಾಯ್ತಾವ. ಯಾಕ ಅಂತ ಮುಂದ ಹೇಳ್ತೀನಿ.

ಮೊದಲ ನೀರಿನ ಲೆಕ್ಕ. ನಿಮ್ಮ ಟ್ಯಾಂಕ್ ಬಾಯಿ ತನಕ ತುಂಬಿದ್ರ ಸುಮಾರು 70 ಲೀಟರ್. ಮ್ಯಾಲೆ ಎರಡು ಇಂಚು ಬಿಟ್ಟು, ಕೆಳಗ ಕಲ್ಲು ಹಾಸಿದ್ರ 55ರಿಂದ 60 ಉಳೀತದ. ಈ ಅಳತಿಯೊಳಗ ಒಂದು ಇಂಚು ನೀರು ಅಂದ್ರ 4.7 ಲೀಟರ್. ವಾರಕ್ಕ ಮೂರು ಇಂಚು ತಗದು ಮೂರು ಇಂಚು ಹಾಕಿದ್ರ ಕಾಲು ಭಾಗ ಬದಲಾದಂಗಾತು. 14 ಲೀಟರ್, ಅಂದ್ರ ಒಂದು ಬಕೆಟ್. ಗಾಜಿಗೆ ಹೊರಗಿಂದ ಮೂರು ಇಂಚಿಗೊಂದು ಟೇಪ್ ತುಂಡು ಹಚ್ಚಿ ಬಿಡ್ರಿ, ಮಗನೂ ಅಳೀತಾನ. ತಗದ ನೀರು ಚೆಲ್ಲಬ್ಯಾಡ್ರಿ, ಅದರಾಗ ನೈಟ್ರೇಟ್ ಇರ್ತದ, ಗಿಡಕ್ಕ ಗೊಬ್ಬರ. ಹೆಂಗೂ ಕುಂಡಕ್ಕ ದಿನಾ ನೀರು ಹಾಕ್ತೀರಲ್ಲ, ಅದ ನೀರು ಮೀನಿನ ಮನಿ ಹಾದು ಹೋಗ್ತದ, ಅಷ್ಟ. ನಿಮ್ಮ ಮನಿ ನೀರಿನ ಖರ್ಚು ಹೆಚ್ಚೇನೂ ಏರೂದಿಲ್ಲ.

ಇನ್ನ ಮುಂಜಾನೆ ನೀರು, ಸಂಜೀಕ ಮೀನು ಅನ್ನೋ ಮಾತು. ಮೀನು ಕಿವಿರಿನಿಂದ ಅಮೋನಿಯಾ ಬಿಡ್ತದ, ಉಳದ ಆಹಾರ ಕೊಳೆತ್ರೂ ಅಮೋನಿಯಾ. ಅದು ಮೀನಿಗೆ ವಿಷ. ಒಂದು ನಮೂನಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡ್ತದ, ಅದೂ ವಿಷ. ಇನ್ನೊಂದು ನಮೂನಿ ಬಂದು ನೈಟ್ರೇಟ್ ಮಾಡ್ತದ, ಅದು ಬಾಳ ಏರದಿದ್ರ ಮೀನು ತಡಕೋತಾವ. ಈ ಬ್ಯಾಕ್ಟೀರಿಯಾ ನೀರಿನ್ಯಾಗ ತೇಲಾಡೋದು ಕಡಿಮಿ, ಫಿಲ್ಟರಿನ ಸ್ಪಂಜಿಗೆ, ಕಲ್ಲಿಗೆ ಅಂಟಿಕೊಂಡು ಇರ್ತಾವ. ಹೊಸಾ ಟ್ಯಾಂಕಿನ್ಯಾಗ ತಾವಾಗೇ ಬೆಳೀಲಿಕ್ಕೆ ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗ ಆರು ಗೋಲ್ಡ್‌ಫಿಶ್ ಬಿಟ್ರ ಅವು ತಮ್ಮ ಅಮೋನಿಯಾದಾಗ ತಾವ ಸುಟ್ಟು ಹೋಗ್ತಾವ. ಎಲ್ಲಾ ತಿಕ್ಕಿ ತೊಳದವರ ಮನ್ಯಾಗ ಸಾಯೋದೂ ಇದಕ್ಕ. ಅವರು ಪ್ರತಿ ವಾರ ಆ ಬ್ಯಾಕ್ಟೀರಿಯಾನ ಗಟಾರಕ್ಕ ಬಿಟ್ಟು ಮತ್ತ ಒಂದರಿಂದ ಶುರು ಮಾಡ್ತಾರ. ನಿಮ್ಮ ಬೋರಿನಂಥಾ ಗಡಸು ನೀರಿನ ಪಿಎಚ್ (ಹುಳಿ-ಕ್ಷಾರದ ಅಳತಿ) ಸಾಮಾನ್ಯವಾಗಿ ಹೆಚ್ಚಿರ್ತದ, ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಜೋರು. ಹಿಂಗಾಗಿ ನಿಮಗ ಅವಸರ ಇನ್ನೂ ಸಲ್ಲದು.

ಅವಸರ ತಡೀಲಿಕ್ಕೆ ಆಗದಿದ್ರ ಒಂದು ಹಾದಿ ಅದ. ಹಾಲಿಗೆ ಹೆಪ್ಪು ಹಾಕಿದಂಗ, ನಡೀತಿರೋ ಟ್ಯಾಂಕಿನ ಹಳೇ ಸ್ಪಂಜ್ ತಂದು ಹೊಸಾ ಫಿಲ್ಟರಿನ್ಯಾಗ ತುರುಕೋದು. ನನ್ನ ಹತ್ರ ಮಸಿ ಹಿಡದ ಸ್ಪಂಜ್ ಬೇಕಾದಷ್ಟು ಅದ, ಮೆಸೇಜ್ ಮಾಡ್ರಿ. ಜೋಡಿಗೆ ಒಂದೆರಡು ಬಸವನಹುಳ ಫ್ರೀ ಬಂದ್ರ ಬೈಬ್ಯಾಡ್ರಿ.

ಬೋರಿನ ಗಡಸಿಗೆ ಅಂಜಬ್ಯಾಡ್ರಿ. ಗಪ್ಪಿ, ಪ್ಲಾಟಿ, ಮೊಲಿಗೆ ಗಡಸು ನೀರ ಸೇರ್ತದ. ನಿಯಾನ್ ಟೆಟ್ರಾದಂಥಾ ಮೆತ್ತನ್ನ ನೀರಿನ ಮೀನು ಮಾತ್ರ ಬ್ಯಾಡ. ನಳದಾಗ ಬರೋ ಮಲಪ್ರಭಾ ನೀರು, ಬೋರಿನ ನೀರು ಅರ್ಧಾ ಅರ್ಧಾ ಬೆರಸ್ರಿ, ಆದ್ರ ಪ್ರತಿ ವಾರ ಅದ ಪ್ರಮಾಣ ಇರಲಿ. ಮೀನಿಗೆ ತ್ರಾಸು ಗಡಸಿನದಲ್ಲ, ಇವತ್ತು ಒಂದು ನೀರು ನಾಳೆ ಒಂದು ನೀರು ಅನ್ನೋದರದು. ಬ್ಯಾಸಗಿಯೊಳಗ ನೀರು ಆರಿ ಕೆಳಗ ಇಳೀತದ, ಉಪ್ಪಿನಂಶ ಮಾತ್ರ ಅಲ್ಲೇ ಉಳೀತದ. ಹಂಗ ಆರಿದ್ದಕ್ಕ ಆರ್‌ಒ ನೀರು ಹಾಕ್ರಿ. ಬರೇ ಆರ್‌ಒ ನೀರಿನ್ಯಾಗ ಟ್ಯಾಂಕ್ ನಡಸಬ್ಯಾಡ್ರಿ, ಅದರಾಗ ಖನಿಜ ಬಾಳ ಕಡಿಮಿ ಇರ್ತಾವ.

ನಳದ ನೀರಿನ್ಯಾಗ ಕ್ಲೋರಿನ್ ಇರ್ತದ. ಅಗಲ ಬಾಯಿ ಬಕೆಟಿನ್ಯಾಗ ಒಂದು ದಿನ ತೆರದಿಟ್ರ ಬಹಳಷ್ಟು ಹಾರಿ ಹೋಗ್ತದ, ಅಂಗಡಿಯೊಳಗ ಸಿಗೋ ಆಂಟಿ-ಕ್ಲೋರಿನ್ ಬಾಟ್ಲಿ ಮ್ಯಾಲೆ ಬರದಷ್ಟು ಹಾಕಿದ್ರ ಚಿಂತಿನ ಇಲ್ಲ. ಸಂಪು ತೊಳದು ಬ್ಲೀಚಿಂಗ್ ಪೌಡರ್ ಹಾಕಿದ ವಾರ ಮಾತ್ರ ಸಂಪಿನ ನೀರು ಮುಟ್ಟಬ್ಯಾಡ್ರಿ.

ಟ್ಯಾಂಕ್ ಇಡೋ ಜಾಗಾ: ನೀರು, ಕಲ್ಲು, ಗಾಜು ಕೂಡಿ 80 ಕಿಲೋ ದಾಟ್ತದ. ಟಿವಿ ಸ್ಟ್ಯಾಂಡ್ ಮ್ಯಾಲೆ ಬ್ಯಾಡ. ಕಡಪಾ ಕಲ್ಲಿನ ಕಟ್ಟಿ ಇದ್ರ ಭೇಷ್, ಇಲ್ಲಾ ಕಬ್ಬಿಣದ ಸ್ಟ್ಯಾಂಡ್. ತಳಕ್ಕ ಥರ್ಮಾಕೋಲ್ ಹಾಳಿ ಹಾಸ್ರಿ. ಕಿಡಕಿ ಬಿಸಿಲು ನೇರ ಬಿದ್ರ ಹದಿನೈದು ದಿನದಾಗ ನೀರು ಹಸರು. ಹಳೇ ಟ್ಯಾಂಕ್ ಅಂತೀರಿ, ಮೊದಲ ಬಚ್ಚಲದಾಗ ಇಟ್ಟು ತುಂಬಿ ಎರಡು ದಿನ ನೋಡ್ರಿ, ಸಿಲಿಕೋನ್ ಎಲ್ಲೆರೆ ಬಿಟ್ಟಿದ್ರ ಅಲ್ಲೇ ಗೊತ್ತಾಗ್ತದ. ಬಿಳೀ ಕಲೆಗೆ ಲಿಂಬಿಹಣ್ಣು ತಿಕ್ಕ್ರಿ. ಸೋಪು, ವಿಮ್ ಮುಟ್ಟಿಸಬ್ಯಾಡ್ರಿ.

ಕರೆಂಟ್ ಹೋದ್ರ? ಮೀನು ಕಡಿಮಿ ಇದ್ರ ಎರಡು-ಮೂರು ತಾಸಿಗೆ ಏನೂ ಆಗೂದಿಲ್ಲ. ಆದ್ರೂ ಸ್ಪಂಜ್ ಫಿಲ್ಟರ್ ಒಂದು, ಬ್ಯಾಟರಿ ಇರೋ ಸಣ್ಣ ಏರ್ ಪಂಪ್ ಒಂದು ಇಟ್ಕೋರಿ. ಪಂಪ್ ಟ್ಯಾಂಕಿನ ನೀರಿಗಿಂತ ಮ್ಯಾಲೆ ಇರಲಿ. ಕೆಳಗ ಇಟ್ರ ಕರೆಂಟ್ ಹೋದ ಕೂಡಲೆ ನೀರು ಪೈಪ್ ಹಿಡದು ಹಿಂದಕ್ಕ ಬಂದು ಪಂಪಿನೊಳಗ, ಅಲ್ಲಿಂದ ನಿಮ್ಮ ಸ್ವಿಚ್ ಬೋರ್ಡಿಗೆ.

ಮೀನು ಯಾವುದು ಅಂದ್ರ, ನಾ ಗಪ್ಪಿ ಅಂತೀನಿ. ಬರೇ ಗಂಡು, ಮೊದಲ ನಾಲ್ಕು, ಎಲ್ಲಾ ಸರಿ ನಡದ ಮ್ಯಾಲೆ ಇನ್ನ ನಾಲ್ಕು. ಹೆಣ್ಣು ತಂದ್ರ ಸುಮಾರು ತಿಂಗಳಿಗೊಮ್ಮೆ ಮರಿ ಹಾಕ್ತಾವ. ಒಮ್ಮೆ ಗಂಡಿನ ಜೋಡಿ ಕೂಡಿದ ಹೆಣ್ಣು ಮುಂದ ಗಂಡಿಲ್ಲದನೂ ತಿಂಗಳುಗಟ್ಟಲೆ ಮರಿ ಹಾಕ್ತದ. ಆಮ್ಯಾಲೆ ಓಣಿ ತುಂಬ ಹಂಚಿಕೋತ ತಿರಗಬೇಕಾದೀತು.

ನೀರಮನೆ (ಬೆಂಗಳೂರು)

ಧಾರವಾಡದ ಸರ್ ಹೇಳಿದ್ದರಲ್ಲಿ ಒಂದನ್ನ ಬಿಟ್ಟು ಎಲ್ಲಾ ಒಪ್ತೀನಿ. ಹಳೇ ಸ್ಪಂಜ್ ಹಾಕಿದ್ವಿ, ಇನ್ನು ಮೀನು ಬಿಡಬಹುದು ಅಂತ ಕಣ್ಣಂದಾಜಲ್ಲಿ ನಿರ್ಧಾರ ಮಾಡ್ಬೇಡಿ. ಮೀನು ಕೊಲ್ಲೋಕೆ ಸಾಕಾಗುವಷ್ಟು ಅಮೋನಿಯಾ ಇದ್ರೂ ನೀರು ತಿಳಿಯಾಗೇ ಕಾಣತ್ತೆ, ವಾಸನೆಯೂ ಬರಲ್ಲ. ಹನಿ ಹಾಕಿ ಬಣ್ಣ ನೋಡೋ ಟೆಸ್ಟ್ ಕಿಟ್ ತಗೊಳ್ಳಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 40 ಪಿಪಿಎಂ (ಲೀಟರಿಗೆ 40 ಮಿಲಿಗ್ರಾಂ) ಒಳಗೆ ಬಂದಾಗ ಮಾತ್ರ ಮೀನು. ದುಬಾರಿ ಅನಿಸತ್ತೆ ನಿಜ, ಆದ್ರೆ ಒಂದು ಕಿಟ್ ತುಂಬಾ ದಿನ ಬರತ್ತೆ. ಲೈಟು, ಕಪ್ಪೆ, ಹಿಂದುಗಡೆ ಅಂಟಿಸೋ ಪೋಸ್ಟರ್‌ಗೆ ಕೊಡೋ ದುಡ್ಡು ಇದಕ್ಕೆ ಕೊಡಿ.

ಆರ್‌ಒದವರ ಟಿಡಿಎಸ್ ಮೀಟರ್ ಇದ್ಯಾವುದನ್ನೂ ಹೇಳಲ್ಲ. ಅದು ಕರಗಿರೋ ಲವಣ ಒಟ್ಟು ಎಷ್ಟು ಅಂತ ಅಂದಾಜು ಕೊಡತ್ತೆ, ಅಷ್ಟೇ. ಇನ್ನೊಂದು, ಮೊದಲ ಟೆಸ್ಟ್ ಟ್ಯಾಂಕಿಗಲ್ಲ, ನಿಮ್ಮ ಬೋರಿನ ನೀರಿಗೇ ಮಾಡಿ. ಎಷ್ಟೋ ಕಡೆ ಬೋರಿನ ನೀರಲ್ಲೇ ನೈಟ್ರೇಟ್ ಜಾಸ್ತಿ ಇರತ್ತೆ. ಹಾಗಿದ್ರೆ ನೀರು ಬದಲಾಯಿಸಿ ಬದಲಾಯಿಸಿ ನೈಟ್ರೇಟ್ ಇಳಿಯಲ್ಲ ಅಂತ ತಲೆ ಕೆಡಿಸಿಕೊಳ್ತೀರಿ. ಆಗ ಮನಿ ಪ್ಲಾಂಟ್ ಬಳ್ಳಿಯ ಬೇರು ಟ್ಯಾಂಕ್ ನೀರಲ್ಲಿ ಇಳಿಬಿಡಿ, ಎಲೆ ಹೊರಗಿರಲಿ. ನೈಟ್ರೇಟ್ ಹೀರಿಕೊಳ್ಳತ್ತೆ.

ಸುಳ್ಯದ ಹೊಳೆಬದಿ

ಮಿಸ್ ಕೇರಳದ ವಿಷಯ ಯಾರೂ ಹೇಳಲಿಲ್ಲ. ಹೆಸರು ಕೇರಳದ್ದಾದರೂ ಅದು ಕೇರಳ ಮತ್ತು ದಕ್ಷಿಣ ಕರ್ನಾಟಕದ ಘಟ್ಟದ ಹೊಳೆಗಳ ಮೀನು, ಲೋಕದಲ್ಲಿ ಬೇರೆಲ್ಲಿಯೂ ಹುಟ್ಟಿನಿಂದ ಇಲ್ಲ. ಅಕ್ವೇರಿಯಂ ವ್ಯಾಪಾರಕ್ಕೆಂದು ಹಿಡಿದೂ ಹಿಡಿದೂ ಈಗ ಪ್ರಕೃತಿ ಸಂರಕ್ಷಣೆಯ ಜಾಗತಿಕ ಸಂಸ್ಥೆ ಐಯುಸಿಎನ್‌ನ ಅಳಿವಿನಂಚಿನ ಪಟ್ಟಿಯಲ್ಲಿ ಉಂಟು. ಅಂಗಡಿಯಲ್ಲಿ ಎರಡಿಂಚು ಕಂಡದ್ದು ಆರಿಂಚಿನವರೆಗೆ ಬೆಳೆಯುತ್ತದೆ, ಗುಂಪಿಲ್ಲದೆ ಬದುಕುವ ಜಾತಿಯಲ್ಲ, ತಂಪು ನೀರು, ರಭಸದ ಹರಿವು ಬೇಕು. ನಾಲ್ಕಡಿ ಟ್ಯಾಂಕಿಗೂ ಅದು ಇಕ್ಕಟ್ಟೇ. ಓಡಾಡುವ ಮೀನು ಬೇಕೆಂದು ಮಗುವಿಗೆ ಆಸೆ ಇದ್ದರೆ ಗಪ್ಪಿಯ ನಂತರ ಆರು ಜೀಬ್ರಾ ಡ್ಯಾನಿಯೋ ತನ್ನಿ. ಅದೂ ನಮ್ಮ ದೇಶದ್ದೇ, ಮೈಮೇಲೆ ಗೆರೆಯೂ ಉಂಟು, ಒಂದು ಕ್ಷಣ ನಿಲ್ಲುವುದಿಲ್ಲ ಮಾರಾಯ್ರೆ.

ಸಕ್ಕರ್ ಮಾತ್ರ ಬೇಡವೇ ಬೇಡ. ದಕ್ಷಿಣ ಅಮೆರಿಕದ ಮೀನು, ಒಂದಡಿ ದಾಟಿ ಬೆಳೆಯುತ್ತದೆ, ಗಾಜು ತೊಳೆಯುವುದಕ್ಕಿಂತ ಹೊಲಸು ಮಾಡುವುದೇ ಹೆಚ್ಚು. ಟ್ಯಾಂಕಿಗೆ ಹಿಡಿಸದಾದಾಗ ಜನ ಕೆರೆಗೆ ಬಿಟ್ಟು ಕೈ ತೊಳೆದುಕೊಳ್ಳುತ್ತಾರೆ. ದೇಶದ ಎಷ್ಟೋ ಕೆರೆಗಳಲ್ಲಿ ಈಗ ಅದೇ ತುಂಬಿ ಮೀನುಗಾರರ ಬಲೆ ಹರಿಯುತ್ತಿದೆ. ನಿಮ್ಮ ಉಣಕಲ್ ಕೆರೆಗೆ ಅದು ಬೇಡ. ಕೆರೆಯಿಂದ ಪಾಚಿಗಿಡ ಕಿತ್ತು ಟ್ಯಾಂಕಿಗೆ ಹಾಕುವುದೂ ಬೇಡ, ಏರೋಪ್ಲೇನ್ ಚಿಟ್ಟೆಯ ಮರಿಹುಳ ಬಂದರೆ ಸಣ್ಣ ಮೀನನ್ನು ಹಿಡಿದು ತಿನ್ನುತ್ತದೆ.

ಹುಬ್ಬಳ್ಳಿ ಅವ್ವ

ಎಲ್ಲರಿಗೂ ಬಾಳ ಉಪಕಾರ ಆತ್ರಿ. ಬಚ್ಚಲದಾಗ ಇಟ್ಟು ನೋಡಿದ್ವಿ, ಸೋರಲಿಲ್ಲ. ಬಣ್ಣದ ಕಲ್ಲು ಬಕೆಟ್‌ನಾಗ ನೆನಸಿದ್ರ ನೀರು ಕೆಂಪಗಾತು, ಅವನ್ನ ತಗದು ಹೊಳಿ ಕಲ್ಲು ತಂದೀವಿ. ಅಡಗಿ ಮನೀ ಕಡಪಾ ಕಟ್ಟಿ ಮ್ಯಾಲೆ ಕುಂತೈತಿ ಟ್ಯಾಂಕ್, ಮಿಕ್ಸರ್ ಬ್ಯಾರೆ ಕಡೆ ಹೋತು. ಕಿಟ್ ತರಿಸಿದೆ, ಬೋರಿನ ನೈಟ್ರೇಟ್ 20 ತೋರಿಸ್ತು. ಮಗ ಹನಿ ಎಣಿಸಾಕ ಕುಂತ್ರ ಹೋಮ್‌ವರ್ಕ್ ನೆನಪಿರಂಗಿಲ್ಲ ಅವಂಗ.

ಈಗ ಚಿಂತಿ ಏನಂದ್ರ, ಫಿಲ್ಟರ್ ಹಚ್ಚಿ, ನೀವು ಹೇಳಿದ ಬ್ಯಾಕ್ಟೀರಿಯಾಕ್ಕ ಅಮೋನಿಯಾ ಬೇಕಲ್ಲ, ಅದು ಹುಟ್ಟಲಿ ಅಂತ ದಿನಾ ಚಿಟಿಕಿ ಮೀನಿನ ಆಹಾರ ಹಾಕ್ಕೊಂತ ಹೊಂಟೀನಿ. ನೀರು ಒಮ್ಮಿಂದೊಮ್ಮೆಲೆ ಬೆಳ್ಳಗ ಮಬ್ಬಾಗೈತಿ, ಹಿಂದಿನ ಟೈಲ್ಸ್ ಕಾಣವಲ್ದು. ಅಂಗಡಿಯವರು ನೀರು ತಿಳಿ ಮಾಡೋ ಔಷಧ ಐತಿ ಅಂತಾರ. ಹಾಕ್ಲೇನು, ಇಲ್ಲಾ ನೀರು ಚೆಲ್ಲಲೇನು? ಮತ್ತ ಧಾರವಾಡದ ಅಣ್ಣಾರ, ಆ ಸ್ಪಂಜ್ ಇನ್ನೂ ಐತೇನ್ರಿ?

ಪೇಡಾ ಮತ್ತು ಗಪ್ಪಿ (ಧಾರವಾಡ)

ಏನೂ ಹಾಕಬ್ಯಾಡ್ರಿ, ಏನೂ ಚೆಲ್ಲಬ್ಯಾಡ್ರಿ. ಬೆಳ್ಳಗಾಗೋದು ಬ್ಯಾಕ್ಟೀರಿಯಾ ಒಮ್ಮೆಲೆ ಹೆಚ್ಚಾಗಿದ್ದಕ್ಕ, ಹೊಸಾ ಟ್ಯಾಂಕಿನ್ಯಾಗ ಇದು ನಡದದ್ದ. ನಾಲ್ಕಾರು ದಿನದಾಗ ತಾನ ತಿಳಿಯಾಗ್ತದ. ಆಹಾರ ಹಾಕೋದು ಅರ್ಧಕ್ಕ ಇಳಸ್ರಿ. ಮುಂದ ಮೀನು ಬಂದ ಮ್ಯಾಲೂ ಎರಡು ನಿಮಿಷದಾಗ ತಿಂದು ಮುಗಸೋವಷ್ಟು, ದಿನಕ್ಕೊಮ್ಮೆ ಸಾಕು. ನಮ್ಮನ್ಯಾಗ ಶನಿವಾರ ಮೀನಿಗೂ ಉಪವಾಸ.

ಕಿಟ್ ಬಗ್ಗೆ ಬೆಂಗಳೂರಿನವರು ಹೇಳಿದ್ದು ಖರೆ ಅದ, ನನ್ನ ವಾದ ಇಲ್ಲ. ಸ್ಪಂಜ್ ಹಾಕಿದ ಮ್ಯಾಲೂ ಒಂದು ವಾರ ದಿನಾ ನೋಡ್ರಿ. ಸಂಜೀಕ ಚಿಟಿಕಿ ಆಹಾರ ಹಾಕಿ ಮರುದಿನ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರ್ಲಿಕ್ಕತ್ತಿದ್ರ ನಾಲ್ಕು ಗಪ್ಪಿ ತರ್ರಿ. ಚೀಲ ಒಂದು ಇಪ್ಪತ್ತು ನಿಮಿಷ ಟ್ಯಾಂಕಿನ್ಯಾಗ ತೇಲಿ ಬಿಟ್ಟು, ಸಣ್ಣ ಜಾಳಿಗಿಯಿಂದ ಮೀನು ಮಾತ್ರ ಒಳಗ ಬಿಡ್ರಿ, ಅಂಗಡಿ ನೀರು ಹೊರಗ ಚೆಲ್ರಿ. ಗಂಡು ಗುರ್ತು ಹಿಡಿಯೋದು ಬಾಲದ ಬಣ್ಣದಿಂದ ಅಷ್ಟ ಅಲ್ಲ, ಹೊಟ್ಟಿ ಕೆಳಗಿನ ರೆಕ್ಕಿ ನೋಡ್ರಿ. ಹೆಣ್ಣಿಗೆ ಅದು ಬೀಸಣಿಗಿ ಆಕಾರದಾಗ ಬಿಚ್ಚಿರ್ತದ, ಗಂಡಿಗೆ ಸಣ್ಣ ಕಡ್ಡಿ ಆಗಿ ಹಿಂದಕ್ಕ ಚಾಚಿರ್ತದ.

ಸ್ಪಂಜ್ ಅದ. ರವಿವಾರ ಹುಬ್ಬಳ್ಳಿಗೆ ಬರೋದದ, ಚಿಗರಿ ಬಸ್ಸಿನ್ಯಾಗ ತರ್ತೀನಿ, ನನ್ನ ಟ್ಯಾಂಕಿನ ನೀರು ಅರ್ಧಾ ತುಂಬಿದ ಡಬ್ಬಿಯೊಳಗ. ನೀವು ವಿದ್ಯಾನಗರ ಸ್ಟಾಪಿಗೆ ಬರ್ರಿ. ಮನಿಗೆ ಹೋದ ಕೂಡಲೆ ಫಿಲ್ಟರಿನ್ಯಾಗ ಹಾಕಬೇಕು, ತೊಳೀಬಾರದು. ಎಷ್ಟ ಹೊಲಸ ಕಂಡ್ರೂ ತೊಳೀಬ್ಯಾಡ್ರಿ.