ಚಳಿಯಲ್ಲಿ ಹಾಕಿಸಿದ ಕಾಂಕ್ರೀಟ್ ಅಂಗಳದ ಮೇಲೆ ಬಿಳಿ ಪೊರೆ: ತೊಳೆದರೂ ಮರಳುತ್ತಿದೆ

ವಿಜಯಪುರದ_ಅಂಗಳ: ಎಳ್ಳಮಾವಾಸ್ಯೆಯ ಹೊತ್ತಿಗೆ ಹಾಕಿಸಿದ ಕಾಂಕ್ರೀಟ್ ಅಂಗಳ ಸುಣ್ಣ ಎರಚಿದಂತೆ ಬೆಳ್ಳಗಾಗಿದೆ. ನೀರು ಹಾಕಿದರೆ ಮಾಯವಾಗುತ್ತದೆ, ಒಣಗಿದೊಡನೆ ಮತ್ತೆ ಕಾಣಿಸುತ್ತದೆ. ಗೌಂಡಿಯನ್ನು ಕೇಳಿದರೆ ಸಿಮೆಂಟಿನ ಕಡೆಗೂ, ಸಿಮೆಂಟ್ ಅಂಗಡಿಯವರನ್ನು ಕೇಳಿದರೆ ಗೌಂಡಿಯ ಕಡೆಗೂ ಕೈ ತೋರಿಸುತ್ತಾರೆ. ಕಾರಣವೇನು?

ಎರೆಭೂಮಿ_ಬಾಗಲಕೋಟೆ: ಬೋರ್‌ವೆಲ್ ನೀರು, ಅನುಮಾನವೇ ಬೇಡ. ನೀರಿಗೆ ಕರಗುತ್ತಿದೆ ಎಂದಮೇಲೆ ಅದು ಸಲ್ಫೇಟ್ ಉಪ್ಪೇ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಕಾಂಕ್ರೀಟ್ ಕಲಸುವ ನೀರಿನಲ್ಲಿ ಸಲ್ಫೇಟ್ ಲೀಟರಿಗೆ 400 ಮಿಲಿಗ್ರಾಂ ಮೀರಬಾರದು. ನೀರನ್ನು ಪರೀಕ್ಷೆಗೆ ಕೊಡಿ.

ವಿಜಯಪುರದ_ಅಂಗಳ: ಹಿತ್ತಲಿನ ಮೆಟ್ಟಿಲುಗಳನ್ನು ಬೇಸಿಗೆಯಲ್ಲಿ ಇದೇ ನೀರಿನಿಂದ ಕಟ್ಟಿಸಿದ್ದೆವು. ಅಲ್ಲಿ ಒಂದು ಚುಕ್ಕೆಯೂ ಇಲ್ಲ.

ಎರೆಭೂಮಿ_ಬಾಗಲಕೋಟೆ: ಅಂತರ್ಜಲದ ಉಪ್ಪು ಋತುವಿನಿಂದ ಋತುವಿಗೆ ಬದಲಾಗುತ್ತದೆ. ಮೊದಲು ನೀರಿನ ವರದಿ ತರಿಸಿ.

ಗಚ್ಚು_ಬೆಳಗಾವಿ: ಒದ್ದೆಯಾದಾಗ ಕಾಣದಿರುವುದು ಬೇರೆ, ಕರಗುವುದು ಬೇರೆ. ಸುಣ್ಣದ ತೆಳುವಾದ ಪೊರೆಯೂ ನೀರು ಬಿದ್ದಾಗ ಪಾರದರ್ಶಕವಾಗಿ ಮರೆಯಾಗುತ್ತದೆ. ಸಿಮೆಂಟ್ ಗಟ್ಟಿಯಾಗುವಾಗ ಬಿಡುಗಡೆಯಾಗುವ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಇತರ ಬಹುಪಾಲು ಲವಣಗಳಿಗೆ ವಿರುದ್ಧವಾಗಿ, ತಣ್ಣೀರಿನಲ್ಲಿಯೇ ಹೆಚ್ಚು ಕರಗುತ್ತದೆ. ಚಳಿಯಲ್ಲಿ ಗಟ್ಟಿಯಾಗುವ ಕ್ರಿಯೆಯೂ ನೀರು ಆರುವುದೂ ನಿಧಾನವಾಗುವುದರಿಂದ, ಸೂಕ್ಷ್ಮ ರಂಧ್ರಗಳೊಳಗೇ ಆರಿಹೋಗಬೇಕಿದ್ದ ನೀರು ಸುಣ್ಣವನ್ನು ಹೊತ್ತು ಮೇಲ್ಮೈವರೆಗೆ ಬರುತ್ತದೆ. ಅಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂರುತ್ತದೆ. ಕ್ಯೂರಿಂಗ್, ಅಂದರೆ ಹೊಸ ಕಾಂಕ್ರೀಟನ್ನು ಒದ್ದೆಯಾಗಿಡುವ ಕೆಲಸ, ಹೇಗೆ ಮಾಡಿದಿರಿ?

ವಿಜಯಪುರದ_ಅಂಗಳ: ಎಲ್ಲರೂ ಮಾಡುವಂತೆ ನೀರು ಹೊಡೆದು ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿದ್ದೆವು. ಹಾಳೆ ಸುಕ್ಕುಗಟ್ಟಿದ್ದ ಕಡೆ ಬಿಳಿ ಗೆರೆಗಳು ದಟ್ಟವಾಗಿವೆ. ಅದನ್ನು ಬೇರೆ ಹೇಳಬೇಕೆಂದು ತೋರಿರಲಿಲ್ಲ.

ಗಚ್ಚು_ಬೆಳಗಾವಿ: ಹೇಳಬೇಕಾದದ್ದು ಅದೊಂದೇ ಇತ್ತು! ರಾತ್ರಿಯ ತಂಪಿಗೆ ಹಾಳೆಯ ಅಡಿಯಲ್ಲಿ ಹನಿಗಟ್ಟಿದ ನೀರು ಸುಕ್ಕುಗಳ ಉದ್ದಕ್ಕೂ ನಿಂತು ಸುಣ್ಣವನ್ನು ಎಳೆದಿದೆ.

ಇಳಕಲ್_ಫರಸಿ: ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ಬಳಸಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ. ಈಗ ಬಚ್ಚಲು ತೊಳೆಯುವ ಆಸಿಡ್ ಸುರಿಯಿರಿ, ನಿಮಿಷದಲ್ಲಿ ಹೋಗುತ್ತದೆ.

ಗಚ್ಚು_ಬೆಳಗಾವಿ: ಪಿಪಿಸಿಯಲ್ಲಿರುವ ಹಾರುಬೂದಿ ಸುಣ್ಣವನ್ನು ಹೀರಿಕೊಳ್ಳುವುದು ನಿಜ, ಆದರೆ ಚಳಿಯಲ್ಲಿ ಆ ಕ್ರಿಯೆಯೂ ಬಹಳ ನಿಧಾನ. ಆಸಿಡ್ ಅಂತೂ ಬೇಡವೇ ಬೇಡ. ಪೊರೆಯೊಂದಿಗೆ ಸಿಮೆಂಟನ್ನೂ ತಿಂದು ಮರಳನ್ನು ಹೊರಹಾಕುತ್ತದೆ.

ಇಳಕಲ್_ಫರಸಿ: ನಮ್ಮ ಅಂಗಳಕ್ಕೆ ಆಸಿಡ್ ಹಾಕಿಯೇ ತೊಳೆದಿದ್ದೇವೆ, ಕನ್ನಡಿಯಂತಿದೆ.

ಗಚ್ಚು_ಬೆಳಗಾವಿ: ಹತ್ತಿರದಿಂದ ತೆಗೆದ ಚಿತ್ರ ಹಾಕಿ, ನೋಡೋಣ. ಅಂಗಳದವರೇ, ಒಣಗಿದ ಪುಡಿಯನ್ನು ಕೆರೆದು ಒಂದು ಲೋಟ ಶುದ್ಧ ನೀರಿನಲ್ಲಿ ಕಲಕಿರಿ. ಕರಗಿಹೋದರೆ ಬೋರ್‌ವೆಲ್ ಉಪ್ಪಿನ ವಾದವನ್ನು ಒಪ್ಪೋಣ. ತಳದಲ್ಲಿ ಉಳಿದರೆ ಅದರ ಮೇಲೆ ವಿನೆಗರ್ ಹಾಕಿ ನೋಡಿ, ಗುಳ್ಳೆ ಎದ್ದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್.

ವಿಜಯಪುರದ_ಅಂಗಳ: ಪುಡಿ ತಳದಲ್ಲೇ ಕುಳಿತಿತು. ವಿನೆಗರ್ ಬಿದ್ದೊಡನೆ ಸಣ್ಣ ಗುಳ್ಳೆಗಳು ಎದ್ದವು.

ಗಚ್ಚು_ಬೆಳಗಾವಿ: ಹಾಗಾದರೆ ಸುಣ್ಣವೇ. ಕಾಂಕ್ರೀಟಿನ ಬಲಕ್ಕೆ ಇದರಿಂದ ಧಕ್ಕೆಯಿಲ್ಲ. ಒಣ ಬ್ರಷ್‌ನಿಂದ ಉಜ್ಜಿ, ಪುಡಿಯನ್ನು ಗುಡಿಸಿ ತೆಗೆಯಿರಿ. ಉಳಿದದ್ದು ಒಂದೆರಡು ಮಳೆಗಾಲದಲ್ಲಿ ಮಸುಕಾಗುತ್ತದೆ. ಒಳಗಿನ ತೇವ ಪೂರ್ತಿ ಆರುವವರೆಗೆ ಮೇಲ್ಮೈ ಮುಚ್ಚುವ ಸೀಲರ್ ಬಳಿಯಬೇಡಿ.

ಎರೆಭೂಮಿ_ಬಾಗಲಕೋಟೆ: ಆದರೂ ನೀರಿನ ವರದಿ ಬರಲಿ.