ಸೈಕಾಸ್ ಬೀಜ ಮೊಳೆಯುತ್ತಿಲ್ಲ. ಅಷ್ಟಕ್ಕೂ ಅದು ಬೀಜವೋ ಹಣ್ಣೋ?

ಹಸಿರೆಲೆ:
ಸೈಕಾಸ್ ರೆವೊಲ್ಯೂಟಾ ಹೆಣ್ಣು ಗಿಡದ ನೆತ್ತಿಯಲ್ಲಿ ಕಿತ್ತಳೆಗೆಂಪು ಕಾಯಿ ಬಿಟ್ಟಿವೆ. ತೊಗಟೆ ಸುಲಿದರೆ ಗಟ್ಟಿ ಓಡು, ಅದರೊಳಗೆ ಬಿಳಿ ತಿರುಳು ತುಂಬಿದೆ. ನೀರಿನಲ್ಲಿ ಮುಳುಗಿದವನ್ನೇ ಆರಿಸಿ ಬಿತ್ತಿದರೂ ಒಂದೂ ಮೊಳೆತಿಲ್ಲ. ತಿರುಳು ತುಂಬಿದೆ ಅಂದಮೇಲೆ ನಿಶೇಚನ (ಗಂಡು ಕಣ ಅಂಡದ ಜತೆ ಸೇರುವುದು) ಆಗಿರಲೇಬೇಕಲ್ಲವೇ? ಇನ್ನೊಂದು: ಇದು ಅನಾವೃತಬೀಜ ಸಸ್ಯ, ಅಂದರೆ ಬೀಜದ ಸುತ್ತ ಹಣ್ಣು ಇರದ ಸಸ್ಯ, ಅನ್ನುತ್ತಾರೆ. ಹಾಗಾದರೆ ಆ ಕೆಂಪು ಭಾಗ ಏನು?

ಬೇರುಬಿಳಲು:
ಇರಲೇಬೇಕೆಂದಿಲ್ಲ, ಎಡವಟ್ಟಾಗಿರುವುದೇ ಅಲ್ಲಿ. ಮೆಕ್ಕೆಜೋಳದಂಥ ಹೂಗಿಡದಲ್ಲಿ ಪರಾಗನಳಿಕೆ ಎರಡು ಗಂಡು ಕಣಗಳನ್ನು ತರುತ್ತದೆ. ಒಂದು ಅಂಡದ ಜತೆ ಸೇರಿ ಭ್ರೂಣವಾಗುತ್ತದೆ, ಇನ್ನೊಂದು ಅಂಡದ ಪಕ್ಕದ ಎರಡು ಧ್ರುವಕೇಂದ್ರಗಳ ಜತೆ ಸೇರಿ ತ್ರಿಗುಣಿತ (ಮೂರು ಗುಂಪು ವರ್ಣತಂತುಗಳಿರುವ) ಭ್ರೂಣಾಹಾರವಾಗುತ್ತದೆ. ಅಂದರೆ ನಿಶೇಚನ ಆಗದೆ ಆಹಾರ ತುಂಬುವುದಿಲ್ಲ. ಸೈಕಾಸ್‌ನ ಬಿಳಿ ತಿರುಳು ಹೆಣ್ಣು ಲಿಂಗಾಣುಸಸ್ಯ, ಅಂದರೆ ಅಂಡವನ್ನು ಹುಟ್ಟಿಸುವ ಅಂಗಾಂಶ; ಏಕಗುಣಿತ (ಒಂದೇ ಗುಂಪು ವರ್ಣತಂತು). ನಿಶೇಚನಕ್ಕೆ ಮೊದಲೇ ಬೆಳೆದಿರುತ್ತದೆ. ಹಾಗಾಗಿ ಪರಾಗವೇ ತಾಗದ ಅಂಡಕವೂ (ಮುಂದೆ ಬೀಜವಾಗುವ ಭಾಗ) ಉಬ್ಬಿ, ಕೆಂಪಾಗಿ, ನೀರಿನಲ್ಲಿ ಮುಳುಗಬಹುದು. ಮುಳುಗುವ ಪರೀಕ್ಷೆ ಒಳಗೆ ಒಣಗಿದವನ್ನು ಬೇರ್ಪಡಿಸುತ್ತದೆ, ಅಷ್ಟೇ.

ನಾಲ್ಕೈದು ಬೀಜ ಒಡೆದು ನೋಡಿ. ಕೈಗವಸು ಹಾಕಿಕೊಳ್ಳಿ, ಸೈಕಾಸಿನ್ ವಿಷ ಇದೆ, ನಾಯಿಗಳಿಗೂ ಸಿಗದಂತೆ ಇಡಿ. ಓಡು ಬಿಡಿಸಿ ತಿರುಳನ್ನು ಉದ್ದಕ್ಕೆ ಸೀಳಿ. ನೋಡಬೇಕಾದ್ದು ಗಿಡಕ್ಕೆ ಅಂಟಿದ್ದ ತುದಿಯನ್ನಲ್ಲ, ಎದುರಿನ ತುದಿಯನ್ನು. ಸುರುಳಿ ಸುತ್ತಿದ ದಾರದ ಕೊನೆಯಲ್ಲಿ ಬಿಳಿ ಕಡ್ಡಿಯಂಥ ಭ್ರೂಣ ಇದ್ದರೆ ನಿಶೇಚನ ಆಗಿದೆ. ಬರೀ ಸಣ್ಣ ಗುಳಿಗಳಿದ್ದರೆ ಆ ಬೀಜ ಎಷ್ಟು ಕಾದರೂ ಮೊಳೆಯದು.

ಭ್ರೂಣ ತೀರಾ ಚಿಕ್ಕದಿದ್ದರೆ ಅವಸರ ಬೇಡ. ಸೈಕಾಸ್ ಬೀಜ ಉದುರುವಾಗ ಭ್ರೂಣ ಇನ್ನೂ ಬಲಿತಿರುವುದಿಲ್ಲ. ಕೆಂಪು ತೊಗಟೆ ಪೂರ್ತಿ ತೆಗೆದು, ತೇವ ಆಡಿಸಿದ ವರ್ಮಿಕ್ಯುಲೈಟ್‌ನಲ್ಲಿ (ತೇವ ಹಿಡಿಯುವ ಹಗುರ ಖನಿಜದ ಚೂರು) ಕೆಲವು ತಿಂಗಳು ಇಟ್ಟು ಆಮೇಲೆ ಬಿತ್ತಿ. ನೀರು ಹೆಚ್ಚಾದರೆ ಕೊಳೆಯುತ್ತದೆ.

ಪರಾಗಕಣ:
ಹತ್ತಿರದಲ್ಲಿ ಗಂಡು ಗಿಡ ಇಲ್ಲದಿದ್ದರೆ ಕೈಯಿಂದಲೇ ಪರಾಗ ಹಾಕಬೇಕು. ಗಂಡು ಶಂಕು (ಪರಾಗ ಬಿಡುವ ಭಾಗ) ಉದ್ದವಾಗಿ, ಚಕ್ಕೆಗಳ ನಡುವೆ ಸಂದು ಬಿಟ್ಟು, ತಟ್ಟಿದರೆ ಹಳದಿ ಪುಡಿ ಉದುರುವಾಗ ಕಾಗದದ ಮೇಲೆ ಹಿಡಿಯಿರಿ. ನೆರಳಲ್ಲಿ ಒಣಗಿಸಿ, ಸಿಲಿಕಾ ಜೆಲ್ ಜತೆ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಹೆಣ್ಣು ಗಿಡದ ಮೆತ್ತನೆಯ ಕಂದು ಎಲೆಗಳು ಸಡಿಲವಾದಾಗ ಅಂಡಕಗಳ ಬಾಯಲ್ಲಿ ಅಂಟು ಹನಿ ಕಾಣುತ್ತದೆ. ಆಗ ರಬ್ಬರ್ ಬಲ್ಬ್‌ನಿಂದ ಪುಡಿ ಊದಿ, ಎರಡು ಮೂರು ದಿನ ಬಿಟ್ಟು ಮತ್ತೆ ಊದಿ. ಎಲೆಗಳು ಮುಚ್ಚಿಕೊಂಡಮೇಲೆ ಊದಿ ಪ್ರಯೋಜನವಿಲ್ಲ.

ಪರಾಗ ಬಿದ್ದ ಮೇಲೂ ನಿಶೇಚನಕ್ಕೆ ತಿಂಗಳುಗಟ್ಟಲೆ ಬೇಕು. ಇಲ್ಲಿ ನಳಿಕೆ ಮುಖ್ಯವಾಗಿ ಆಹಾರ ಹೀರಲು ಇರುವುದು. ಗಂಡು ಕಣಗಳು ಲೋಮಾಂಗಗಳ (ಕೂದಲಿನಂಥ ಎಳೆಗಳ) ಬಲದಿಂದ ತಾವೇ ಈಜಿ ಅಂಡ ತಲುಪುತ್ತವೆ. 1896ರಲ್ಲಿ ಜಪಾನಿನ ಸಸ್ಯವಿಜ್ಞಾನಿ ಹಿರಾಸೆ ಗಿಂಕ್ಗೊ ಎಂಬ ಇನ್ನೊಂದು ಅನಾವೃತಬೀಜ ಮರದಲ್ಲಿ, ಇಕೆನೊ ಇದೇ ಸೈಕಾಸ್‌ನಲ್ಲಿ ಇದನ್ನು ಕಂಡರು.

ಎಲೆಕೊಡೆ:
ಕೆಂಪು ಭಾಗ ಬೀಜದ ಸಿಪ್ಪೆಯದೇ ಹೊರಪದರ. ಹಣ್ಣು ಅಂದರೆ ಮಾಗಿದ ಅಂಡಾಶಯ. ಇಲ್ಲಿ ಅಂಡಕಗಳು ಎಲೆಯಂಥ ಚಕ್ಕೆಯ ಅಂಚಿನಲ್ಲಿ ಬಯಲಲ್ಲೇ ಕೂತಿವೆ, ಅಂಡಾಶಯವೇ ಇಲ್ಲ. ಗಿಂಕ್ಗೊದ ನಾರುವ ತಿರುಳೂ ಹೀಗೆಯೇ. ಅಂಗಡಿಯಲ್ಲಿ ಸೈಕಾಸನ್ನು ಪಾಮ್ ಅಂತ ಮಾರುತ್ತಾರೆ, ನಂಬಬೇಡಿ; ನಿಜವಾದ ಪಾಮ್ ಹೂಬಿಡುವ ಏಕದಳ ಸಸ್ಯ.

ಹಸಿರೆಲೆ:
ಒಡೆದು ನೋಡಿದೆ, ಎಲ್ಲದರಲ್ಲೂ ಗುಳಿ ಮಾತ್ರ. ಗಂಡು ಗಿಡವನ್ನು ಎಳೆಯದರಲ್ಲೇ ಗುರುತಿಸಬಹುದಾ?

ಪರಾಗಕಣ:
ನೋಡಿ ಹೇಳಲಾಗದು, ಶಂಕು ಬರುವವರೆಗೆ ಕಾಯಬೇಕು. ಗೊತ್ತಿರುವ ಗಂಡು ಗಿಡದ ಬುಡದಲ್ಲಿ ಮರಿ ಇದ್ದರೆ ಬಿಡಿಸಿ ತನ್ನಿ, ಅದೂ ಗಂಡೇ ಆಗಿರುತ್ತದೆ. ಕತ್ತರಿಸಿದ ಜಾಗ ಒಂದು ವಾರ ಒಣಗಿದ ಮೇಲೆ ನೆಡಿ.